ಕಾಂಚನ ಕನ್ನಡದಲ್ಲಿ ಹೇಳಿದ ಮಾತು

ಕಾಗವಾಡದ ಕಾಂಚನಳಿಗೆ ಎರಡು ಭಾಷೆಗಳು ಹುಟ್ಟಿನಿಂದಲೇ ಬಂದಿದ್ದವು. ತಾಯಿ ಮಿರಜದವಳು, ಮರಾಠಿ ಬಿಟ್ಟರೆ ಬೇರೆ ಮಾತು ಆಡದವಳು. ತಂದೆ ಶೇಡಬಾಳದವನು, ಮನೆಯಲ್ಲೂ ಹೊಲದಲ್ಲೂ ಅವನದು ಕನ್ನಡವೇ. ಗಂಡ ಹೆಂಡತಿ ಜಗಳವಾಡಿ ಮಾತು ಬಿಟ್ಟ ದಿನಗಳಲ್ಲಿ ಇಬ್ಬರ ನಡುವೆ ಓಡಾಡುತ್ತಿದ್ದವಳು ಇವಳೇ. "ನಿಮ್ಮವ್ವಗ ಹೇಳು" ಎಂದು ತಂದೆ ಗುಡುಗಿದ್ದನ್ನು ಒಲೆಯ ಹತ್ತಿರ ಒಯ್ದು, ಬೈಗುಳಗಳನ್ನೆಲ್ಲ ದಾರಿಯಲ್ಲೇ ಬಿಟ್ಟು, ಉಳಿದದ್ದನ್ನು ಮರಾಠಿಯಲ್ಲಿ ಒಪ್ಪಿಸುತ್ತಿದ್ದಳು. ಮನೆ ಹೇಗೋ ನಡೆಯುತ್ತಿತ್ತು.

ಮುಂದೆ ಟ್ರ್ಯಾಕ್ಟರ್ ರಿಪೇರಿಯ ರೂಪೇಶನನ್ನು ಮದುವೆಯಾಗಿ ಕಾಗವಾಡಕ್ಕೆ ಬಂದಳು. ಮಕ್ಕಳಾಗಲಿಲ್ಲ. ಊರ ಹೊರಗಿನ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗತೊಡಗಿದಳು. ಹೆಂಗಸರು ಸಾಲಾಗಿ ಕೂತು ದ್ರಾಕ್ಷಿಯ ತೊಟ್ಟು ಮುರಿದು, ಕಪ್ಪಾದದ್ದನ್ನು ಬೇರೆ ಹಾಕುವ ಕೆಲಸ. ಸಂಜೆಗೆ ಬೆರಳೆಲ್ಲ ಅಂಟು. ಭಾನುವಾರ ಮಾತ್ರ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ತಗಡಿನ ಪ್ರಾರ್ಥನಾ ಮಂದಿರ.

ಆ ಸಭೆ ದೊಡ್ಡದಲ್ಲ. ಅಜ್ಜ ಮುತ್ತಜ್ಜರ ಕಾಲದಿಂದ ಕ್ರೈಸ್ತರಾಗಿದ್ದ ಕೆಲವು ಮನೆಗಳು, ಈಚೆಗೆ ಬಂದು ಸೇರಿದ ಕೂಲಿಯವರು. ಪಾಸ್ಟರ್ ಸಿದರಾಯರು ಮೆತ್ತನೆಯ ಮನುಷ್ಯ. ಯಾರ ಮನೆಯಲ್ಲಿ ಕಾಯಿಲೆ ಬಿದ್ದರೂ ಸೈಕಲ್ ತುಳಿದುಕೊಂಡು ಹೋಗಿ ಕೂತು ಬರುತ್ತಿದ್ದರು. ಜಗಳವೆಂದರೆ ಮಾತ್ರ ಅವರಿಗೆ ಆಗದು. ಎರಡು ಕಡೆಯವರಿಗೂ ಹೌದೆಂದು ಹೊರಟುಬಿಡುತ್ತಿದ್ದರು. ಪವಿತ್ರಾತ್ಮನು ಪ್ರತಿಯೊಬ್ಬರಿಗೂ ಒಂದೊಂದು ವರ ಕೊಟ್ಟಿರುತ್ತಾನೆ, ಅದನ್ನು ಸಭೆಯ ಸೇವೆಗೆ ತರಬೇಕು ಎಂದು ಅವರು ಮೇಲಿಂದ ಮೇಲೆ ಹೇಳುತ್ತಿದ್ದರು. ಅಕ್ಕುತಾಯಿ ಎಂಬ ಮುದುಕಿಗೆ ಹಾಡುವ ವರ. ಒಬ್ಬನಿಗೆ ತಬಲಾ. ಇನ್ನೊಬ್ಬಳಿಗೆ ನೂರು ಮಂದಿಗೆ ಅನ್ನ ಸಾರು ಮಾಡುವ ಕೈ. ಕಾಂಚನ ಶನಿವಾರ ಸಂಜೆ ಹೋಗಿ ಕಸ ಗುಡಿಸಿ ಜಮಖಾನೆ ಹಾಸಿ ಬರುತ್ತಿದ್ದಳು. ಅದಕ್ಕೆ ಯಾರೂ ವರ ಎನ್ನುತ್ತಿರಲಿಲ್ಲ. ಅವಳೂ ಅಂದುಕೊಂಡಿರಲಿಲ್ಲ.

ಒಂದು ಸಲ ಸಾಂಗಲಿ ಕಡೆಯಿಂದ ಒಬ್ಬ ಬೋಧಕರು ಬಂದರು. ಮರಾಠಿ ಒಂದೇ ಅವರಿಗೆ ಗೊತ್ತಿದ್ದದ್ದು. ಕಾಗವಾಡದವರಿಗೆ ಎರಡೂ ಮಾತು ತಿಳಿಯುತ್ತದೆ, ಅದರ ಚಿಂತೆಯಿಲ್ಲ. ಆದರೆ ಅಥಣಿಯ ಪೂರ್ವಕ್ಕಿರುವ ಹಳ್ಳಿಗಳಿಂದ ಬಂದವರು ಬರೀ ಕನ್ನಡದವರು. ತರ್ಜುಮೆಗೆ ಬರಬೇಕಾಗಿದ್ದವನು ಬರಲಿಲ್ಲ. ಪಾಸ್ಟರ್ ಸಿದರಾಯರು ಅಡುಗೆಯ ಕಡೆ ಓಡಿಬಂದು, ಪಾತ್ರೆ ತೊಳೆಯುತ್ತಿದ್ದ ಕಾಂಚನಳನ್ನು ಎಬ್ಬಿಸಿ ಕರೆದೊಯ್ದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಮೈಕಿನ ಮುಂದೆ ನಿಂತಳು. ಮೊದಲ ನಾಲ್ಕು ಮಾತು ತಡವರಿಸಿದವು. ಆಮೇಲೆ ಹೊಳೆ ಹರಿದಂತೆ. ಬೋಧಕರು ದನಿ ಎತ್ತಿದರೆ ಇವಳ ದನಿಯೂ ಏರುತ್ತಿತ್ತು, ಅವರು ಪಿಸುಗುಟ್ಟಿದರೆ ಇವಳೂ ಪಿಸುಗುಟ್ಟುತ್ತಿದ್ದಳು. ಮುಂದೆ ಕೂತ ಹೆಂಗಸರು ಕಣ್ಣೊರೆಸಿಕೊಂಡರು.

"ಸಿಸ್ಟರ, ಇದ ನೋಡ್ರಿ ನಿಮ್ಮ ವರ. ಇಷ್ಟ ದಿನ ಭಾಂಡೇದಾಗ ಮುಚ್ಚಿಟ್ಟಿದ್ರಿ" ಎಂದರು ಪಾಸ್ಟರು.

ಅಂದಿನಿಂದ ಹೊರಗಿನವರು ಯಾರೇ ಬಂದರೂ ಕಾಂಚನಳೇ. ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ಬೋಧಕರಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದಳು. ಶೆಡ್ಡಿನ ಕೆಲಸಕ್ಕೆ ರಜೆ ಹಾಕಿ ರಾಯಬಾಗ, ಚಿಕ್ಕೋಡಿ, ಸದಲಗಾದ ಕೂಟಗಳಿಗೂ ಹೋದಳು. ಒಂದು ಕಾಸು ಮುಟ್ಟಲಿಲ್ಲ. ತನಗಿಂತ ದೊಡ್ಡದೇನೋ ತನ್ನ ಬಾಯಿಂದ ಹೊರಡುತ್ತಿದೆ ಎಂಬ ಸಂತೋಷ ಅವಳಿಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ. ಓಣಿಯಲ್ಲಿ ಜನ ನಿಂತು ಮಾತಾಡಿಸುತ್ತಿದ್ದರು. ಅದೂ ಅವಳಿಗೆ ಹಿತವಾಗಿತ್ತು.

ಅಥಣಿ ಕಡೆಯ ಹಳ್ಳಿಗಳಿಂದ ಬರುತ್ತಿದ್ದವರಲ್ಲಿ ಸುಂದ್ರವ್ವ ಒಬ್ಬಳು. ಕಾಂಚನಳಿಗಿಂತ ಏಳೆಂಟು ವರ್ಷ ದೊಡ್ಡವಳು, ವಿಧವೆ, ಬೇರೆಯವರ ಹೊಲದಲ್ಲಿ ದುಡಿಯುವವಳು. ಅವಳಿಗಿದ್ದದ್ದು ಒಬ್ಬಳೇ ಮಗಳು, ನೀಲಮ. ಸಣ್ಣಂದಿನಿಂದ ಆ ಹುಡುಗಿಗೆ ಫಿಟ್ಸ್ ಬರುತ್ತಿದ್ದವು. ಮಿರಜದ ಒಂದು ಆಸ್ಪತ್ರೆಯ ಗುಳಿಗೆ ಹತ್ತಿದ ಮೇಲೆ ನಿಂತಿದ್ದವು. ಈಗ ಅಥಣಿಯಲ್ಲಿ ಪಿಯುಸಿ ಓದುತ್ತಿದ್ದಳು. ಉದ್ದ ಜಡೆ, ಎಲ್ಲದಕ್ಕೂ ನಗು. ಒಮ್ಮೆ ಡಾಕ್ಟರ ಮಾತು ತಿಳಿಯಲಿ ಎಂದು ಸುಂದ್ರವ್ವ ಕಾಂಚನಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದಳು. ಅಂದು ಡಾಕ್ಟರು ಮರಾಠಿಯಲ್ಲಿ, ಏನೇ ಆದರೂ ಗುಳಿಗೆ ಒಂದು ದಿನವೂ ತಪ್ಪಬಾರದು, ಆರಾಮ ಅನ್ನಿಸಿದರೂ ಬಿಡಬಾರದು ಎಂದು ಒತ್ತಿ ಹೇಳಿದ್ದರು. ಅದನ್ನು ಕನ್ನಡದಲ್ಲಿ ಹೇಳಿದವಳು ಕಾಂಚನಳೇ.

ಆ ವರ್ಷ ಚಳಿಗಾಲದ ಕೂಟಕ್ಕೆ ಸಾತಾರಾ ಕಡೆಯಿಂದ ಬ್ರದರ್ ಸಂಗ್ರಾಮ ಬಂದರು. ಒಂದು ಕಾಲಕ್ಕೆ ಕುಡಿದು ಗಟಾರದಲ್ಲಿ ಬಿದ್ದಿರುತ್ತಿದ್ದೆ, ಎದೆರೋಗ ತಿಂದುಹಾಕಿತ್ತು, ಪ್ರಾರ್ಥನೆಯೊಂದೇ ನನ್ನನ್ನು ಎಬ್ಬಿಸಿ ನಿಲ್ಲಿಸಿತು ಎಂದು ತಮ್ಮ ಕತೆ ಹೇಳುತ್ತಿದ್ದರು. ಸುಳ್ಳು ಹೇಳುವ ಮನುಷ್ಯನಂತೆ ಕಾಣುತ್ತಿರಲಿಲ್ಲ. ತಾವು ಹೇಳಿದ್ದನ್ನು ತಾವೇ ಎಲ್ಲರಿಗಿಂತ ಹೆಚ್ಚು ನಂಬಿದ್ದರು. ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಶಾಮಿಯಾನ ಹಾಕಿದ್ದರು. ಟೆಂಪೋಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಜನ ಬಂದಿಳಿದರು.

ಕೊನೆಯ ದಿನ ಮಧ್ಯಾಹ್ನ ಸಂಗ್ರಾಮರು ಕಾಯಿಲೆಯವರನ್ನು ಮುಂದೆ ಕರೆದರು. ಸುಂದ್ರವ್ವ ಮಗಳ ರಟ್ಟೆ ಹಿಡಿದುಕೊಂಡು ಬಂದಳು. ನೀಲಮ ನಾಚಿಕೆಯಿಂದ ತಲೆ ತಗ್ಗಿಸಿದ್ದಳು. ಏನು ಕಾಯಿಲೆ ಎಂದು ಕೇಳಿ, ತಲೆಯ ಮೇಲೆ ಕೈಯಿಟ್ಟು, ಸಂಗ್ರಾಮರು ಬಹಳ ಹೊತ್ತು ಪ್ರಾರ್ಥಿಸಿದರು. ಆಮೇಲೆ ಕಣ್ಣು ತೆರೆದು ಮರಾಠಿಯಲ್ಲಿ ಹೇಳಿದರು: ದೇವರು ಈ ಹುಡುಗಿಯನ್ನು ಇವತ್ತು ಕಾಯಿಲೆಯಿಂದ ಬಿಡಿಸಿದ್ದಾನೆ, ಇನ್ನು ಇವಳಿಗೆ ಗುಳಿಗೆಯ ಅಗತ್ಯವಿಲ್ಲ, ತಾಯಿ ವಿಶ್ವಾಸವಿಟ್ಟು ಇವತ್ತೇ ನಿಲ್ಲಿಸಲಿ.

ಕಾಂಚನಳಿಗೆ ಮಿರಜದ ಡಾಕ್ಟರು ಹೇಳಿದ್ದು ನೆನಪಿತ್ತು. ಮೈಕ್ ಸುಮ್ಮನಾಯಿತು. ತಬಲಾದವನು ತಲೆ ಎತ್ತಿ ನೋಡಿದ. ಸುಂದ್ರವ್ವ ಸಂಗ್ರಾಮರನ್ನು ನೋಡುತ್ತಿರಲಿಲ್ಲ, ಇವಳ ಬಾಯಿಯನ್ನೇ ನೋಡುತ್ತಿದ್ದಳು.

"ಸಾಂಗಾ ತಾಈ" ಎಂದರು ಸಂಗ್ರಾಮರು. ಹೇಳಿ ಅಕ್ಕಾ, ಎಂದು.

ದೇವರ ಸೇವಕನ ಮಾತಿಗೆ ಅಡ್ಡ ನಿಲ್ಲಲು ನಾನು ಯಾರು ಎಂದುಕೊಂಡಳು ಕಾಂಚನ. ಇಷ್ಟು ಜನರ ಮುಂದೆ ಸುಮ್ಮನೆ ನಿಂತರೆ ಏನಂದಾರು ಎಂದೂ ಅಂದುಕೊಂಡಳು. ಯಾವುದು ಮೊದಲು ಹೊಳೆಯಿತೆಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ.

"ದೇವರು ನಿನ್ನ ಮಗಳನ್ನ ಬಿಡಿಸ್ಯಾನ, ಯವ್ವಾ. ಇನ್ನ ಗುಳಿಗಿ ಬ್ಯಾಡ. ಇವತ್ತಿನಿಂದನ ನಿಂದರಸು."

ಅವಳ ದನಿ ನಡುಗಿತು. ಅದನ್ನು ಜನ ಪವಿತ್ರಾತ್ಮ ಮೈಮೇಲೆ ಬಂದ ನಡುಕವೆಂದು ತಿಳಿದರು. ಶಾಮಿಯಾನದ ತುಂಬ ಹಲ್ಲೆಲೂಯ ಎದ್ದಿತು.

ಕೂಟ ಮುಗಿದ ಮೇಲೆ ಕಾಂಚನ ಸುಂದ್ರವ್ವನನ್ನು ಹುಡುಕಿಕೊಂಡು ಹೋದಳು. ಟೆಂಪೋ ಹತ್ತುತ್ತಿದ್ದವಳು ಇಳಿದುಬಂದು ಇವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ಸುಂದ್ರಕ್ಕ, ಆದ್ರೂ ಒಂದ ಸಲ ಡಾಕ್ಟರನ್ನ ಕೇಳಿ…"

"ಇನ್ನೇನ ಕೇಳೂದು ತಂಗಿ? ನೀನ ಹೇಳಿದೆಲ್ಲ, ನನ್ನ ಕಿವಿ ತುಂಬ ಕೇಳೀನಿ."

ಡ್ರೈವರ್ ಹಾರ್ನ್ ಹೊಡೆದ. "ಪ್ರಾರ್ಥನಾ ಮಾಡ್ತೀನಿ" ಎಂದಳು ಕಾಂಚನ. ಟೆಂಪೋ ಧೂಳೆಬ್ಬಿಸಿಕೊಂಡು ಹೋಯಿತು.

ಕೆಲವು ವಾರ ಏನೂ ಆಗಲಿಲ್ಲ. ಒಂದು ಭಾನುವಾರ ಸುಂದ್ರವ್ವ ಮಗಳನ್ನು ಕರೆದುಕೊಂಡು ಬಂದು ಸಭೆಯ ಮುಂದೆ ಸಾಕ್ಷಿ ಹೇಳಿದಳು. ಗುಳಿಗೆ ಬಿಟ್ಟಿದ್ದೇವೆ, ಹುಡುಗಿ ಆರಾಮ ಇದ್ದಾಳೆ, ಮುಂಚಿನ ಮಂಪರೂ ಇಲ್ಲ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಂಚನಳೂ ತಟ್ಟಿದಳು. ಅಂದು ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾನು ಸುಮ್ಮನೆ ಅಂಜಿದ್ದೆ, ನನ್ನ ವಿಶ್ವಾಸವೇ ಗಟ್ಟಿಯಿಲ್ಲ ಎಂದುಕೊಂಡಳು.

ಬೇಸಿಗೆ ಶುರುವಾಗಿತ್ತು. ಶೆಡ್ಡಿನಲ್ಲಿ ದ್ರಾಕ್ಷಿಯ ರಾಶಿಯ ಮುಂದೆ ಕೂತಿದ್ದಾಗ ಕಾಂಚನಳಿಗೆ ಫೋನ್ ಬಂತು. ಸುಂದ್ರವ್ವನ ಮಗ್ಗುಲ ಮನೆಯವನು. ನೀಲಮಳಿಗೆ ಬೆಳಗಿನಿಂದ ಫಿಟ್ಸ್ ಬಂದಿವೆ, ಒಂದು ನಿಲ್ಲುವಷ್ಟರಲ್ಲಿ ಇನ್ನೊಂದು, ಮಿರಜಕ್ಕೆ ಒಯ್ಯುತ್ತಿದ್ದೇವೆ, ಅಲ್ಲಿಯವರ ಮಾತು ನಮಗೆ ತಿಳಿಯುವುದಿಲ್ಲ, ನೀವು ಬರಬೇಕು ಎಂದ. ಕಾಂಚನ ರಸ್ತೆಗೆ ಓಡಿ ನಿಂತಳು. ಟೆಂಪೋ ಬಂದಾಗ ಹಿಂದಿನಿಂದ ಹತ್ತಿದಳು. ಹುಡುಗಿಯ ತಲೆ ತಾಯಿಯ ತೊಡೆಯ ಮೇಲಿತ್ತು. ಹಲ್ಲು ಕಚ್ಚಿ ತುಟಿ ಸೀಳಿತ್ತು. ಕಣ್ಣು ತೆರೆದೇ ಇದ್ದವು, ನೋಟವಿರಲಿಲ್ಲ. ಮೈ ಸೆಟೆಯುತ್ತಿತ್ತು, ಸಡಿಲಾಗುತ್ತಿತ್ತು, ಮತ್ತೆ ಸೆಟೆಯುತ್ತಿತ್ತು.

ಸುಂದ್ರವ್ವ ಒಂದೇ ಸವನೆ ಪ್ರಾರ್ಥನೆ ಮಾಡುತ್ತಿದ್ದಳು. ಕಾಂಚನ ಹುಡುಗಿಯ ಕಾಲು ಹಿಡಿದುಕೊಂಡು ಕೂತಳು.

ಆಸ್ಪತ್ರೆಯಲ್ಲಿ ಹುಡುಗಿಯನ್ನು ಒಳಗೊಯ್ದರು. ಸ್ವಲ್ಪ ಹೊತ್ತಿಗೆ ಒಬ್ಬ ಡಾಕ್ಟರಮ್ಮ ಹೊರಗೆ ಬಂದರು. ಹಳೆಯ ಕಾಗದ ತಿರುವಿ ನೋಡಿ ಮರಾಠಿಯಲ್ಲಿ ಕೇಳಿದರು: ಗುಳಿಗೆ ನಡೆದಿತ್ತೇ?

ಕಾಂಚನ ಅದನ್ನು ಸುಂದ್ರವ್ವನಿಗೆ ಕನ್ನಡದಲ್ಲಿ ಕೇಳಿದಳು. "ಗುಳಿಗಿ ಕೊಡಾಕತ್ತಿದ್ರೇನು ಅಂತ ಕೇಳ್ತಾರ."

"ಇಲ್ಲ. ಬಿಟ್ಟೇವಿ."

ಬಿಟ್ಟಿದ್ದಾರೆ ಎಂದಳು ಕಾಂಚನ ಮರಾಠಿಯಲ್ಲಿ.

ಡಾಕ್ಟರಮ್ಮನ ಮುಖ ಬಿಗಿಯಾಯಿತು. ಯಾರು ಬಿಡಲು ಹೇಳಿದರು ಎಂದು ಕೇಳಿದರು.

"ಬಿಡಾಕ ಯಾರು ಹೇಳಿದ್ರು ಅಂತ ಕೇಳಾಕತ್ತಾರ, ಸುಂದ್ರಕ್ಕ."

ಸುಂದ್ರವ್ವ ಅವಳ ಮುಖವನ್ನು ನೋಡಿದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ಕೈ ಎತ್ತಿ ಕಾಂಚನಳನ್ನು ತೋರಿಸಿ ಹೇಳಿದಳು: "ಈಕಿ. ಈಕಿನ ಹೇಳಿದ್ಲು."

ಡಾಕ್ಟರಮ್ಮ ಉತ್ತರಕ್ಕಾಗಿ ಕಾಂಚನಳನ್ನು ನೋಡುತ್ತ ನಿಂತಿದ್ದರು. ಸಂಗ್ರಾಮರ ಹೆಸರು ಅವಳ ಗಂಟಲ ತನಕ ಬಂದಿತ್ತು. ಆದರೆ ಸಂಗ್ರಾಮರ ಮರಾಠಿ ಸುಂದ್ರವ್ವನಿಗೆ ತಿಳಿದೇ ಇರಲಿಲ್ಲ. ಅಂದು ಆ ಶಾಮಿಯಾನದಲ್ಲಿ ಅವಳಿಗೆ ತಿಳಿದ ದನಿ ಕಾಂಚನಳದೊಂದೇ.

"ಮೀಚ ಸಾಂಗಿತ್ಲಂ" ಎಂದಳು ಕಾಂಚನ. ನಾನೇ ಹೇಳಿದೆ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ತಲೆಯಾಡಿಸಿ ಒಳಗೆ ಹೋದರು.

ಮರುದಿನ ಮಧ್ಯಾಹ್ನ ಅವರೇ ಹೊರಗೆ ಬಂದು ಕಾಂಚನಳನ್ನು ಪಕ್ಕಕ್ಕೆ ಕರೆದು ಹೇಳಿದರು. ಫಿಟ್ಸ್ ನಿಲ್ಲಿಸಲು ಆಗಲಿಲ್ಲ, ಹೃದಯ ನಿಂತಿತು, ತಾಯಿಗೆ ನೀವೇ ಹೇಳಿ. ಸುಂದ್ರವ್ವ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಕಾಂಚನ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಸುಂದ್ರಕ್ಕ. ನೀಲಮ ಹೋದ್ಲು."

ಸುಂದ್ರವ್ವ ಅಳಲಿಲ್ಲ. "ಇದನ್ನೂ ನೀನ ಹೇಳಬೇಕಾತೇನ?" ಎಂದಳು.

ಹುಡುಗಿಯ ಮಣ್ಣಿಗೆ ಕಾಗವಾಡದಿಂದ ಕೆಲವರೇ ಹೋದರು. ಪಾಸ್ಟರ್ ಸಿದರಾಯರು ಪ್ರಾರ್ಥನೆ ಮಾಡುವಾಗ ಎರಡು ಸಲ ಮಾತು ಮರೆತರು. ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದಾಗ ಕಾಂಚನಳೂ ಬಗ್ಗಿ ಹಿಡಿ ತುಂಬಿಕೊಂಡಳು. "ನೀ ಬ್ಯಾಡ" ಎಂದಳು ಸುಂದ್ರವ್ವ. ದನಿ ಎತ್ತಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. ಕಾಂಚನ ಮುಷ್ಟಿ ಬಿಚ್ಚಿ ಹಿಂದೆ ಸರಿದಳು. ಊರಿನ ಹೆಂಗಸರು ಅವಳಿಗೂ ತಮಗೂ ನಡುವೆ ಜಾಗ ಬಿಟ್ಟು ನಿಂತರು.

ಮನೆಗೆ ಬಂದು ಮೂಲೆ ಹಿಡಿದಳು. ಅಡುಗೆ ಮಾಡಿದರೂ ಉಪ್ಪು ಹಾಕುವುದು ಮರೆಯುತ್ತಿದ್ದಳು. ರೂಪೇಶ ಉಪ್ಪಿಲ್ಲದ್ದನ್ನೇ ಉಂಡು ಏಳುತ್ತಿದ್ದ. "ನೀ ಏನ ಮಾಡ್ತಿದ್ದಿ? ಅವ್ರು ಹೇಳಿದ್ದು ನೀ ಹೇಳಿದಿ. ಬಿಡ ಅದನ್ನ" ಎಂದ ಒಂದು ದಿನ. ಅವನ ಲೆಕ್ಕದಲ್ಲಿ ಅದು ಸಮಾಧಾನದ ಮಾತು.

ಸಂಗ್ರಾಮರಿಗೆ ಫೋನ್ ಮಾಡಿದಳು. ಯಾವ ಹುಡುಗಿ ಎಂದು ಅವರು ಕೇಳಿದರು. ಅವರಿಗೆ ನೆನಪಿರಲಿಲ್ಲ. ಕಾಂಚನ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ನಿಧಾನಕ್ಕೆ, ಎಲ್ಲೋ ವಿಶ್ವಾಸದ ಕೊರತೆ ಇದ್ದಿರಬೇಕು ಎಂದರು. ತಾಯಿಯದೋ, ಮಗಳದೋ. ಅಥವಾ ಹೇಳುವ ಮೊದಲು ತಡೆದು ನಿಂತ ನಿಮ್ಮದೋ, ತಾಈ. ಪ್ರಾರ್ಥನೆ ಮಾಡುತ್ತೇನೆ ಎಂದು ಫೋನ್ ಇಟ್ಟರು. ತರ್ಜುಮೆಯವಳು ತಡೆದು ನಿಂತದ್ದು ಮಾತ್ರ ಅವರಿಗೆ ನೆನಪಿತ್ತು.

ಅಂದೇ ಅವಳು ಪಾಸ್ಟರ್ ಸಿದರಾಯರ ಮನೆಗೆ ಹೋದಳು. ಅವರು ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು.

"ಪಾಸ್ಟರ, ಭಾನುವಾರ ಸಭಾದಾಗ ಒಂದ ಮಾತು ಹೇಳ್ರಿ. ಯಾರೂ ಗುಳಿಗಿ ಬಿಡಬ್ಯಾಡ್ರಿ ಅಂತ. ಪ್ರಾರ್ಥನಾನೂ ಮಾಡ್ರಿ, ಗುಳಿಗೀನೂ ತಗೋರಿ ಅಂತ. ಅಷ್ಟ ಹೇಳ್ರಿ ಸಾಕು."

"ಹಂಗಂದ್ರ ಬ್ರದರ್ ತಪ್ಪು ಹೇಳಿದ್ರು ಅಂದಂಗ ಆಗತೈತಲ್ಲ, ಸಿಸ್ಟರ."

"ತಪ್ಪ ಹೇಳ್ಯಾರ್ರಿ. ನಾನೂ ಹೇಳೀನಿ."

ಪಾಸ್ಟರು ಪಂಪ್ ಕೆಳಗಿಟ್ಟರು. "ನಮ್ಮ ಕಾಲ ಎಂಥದೈತಿ ನಿಮಗ ಗೊತ್ತೈತಿ. ಹೊರಗಿನ ಮಂದಿಗೆ ಇದು ತಿಳೀತಂದ್ರ ಮಂದಿರದ ಕದಾ ಮುಚ್ಚಬೇಕಾಗತೈತಿ. ದೇವರ ಸೇವಕರ ನ್ಯಾಯ ದೇವರ ಮಾಡಲಿ. ನೀವು ಸುಮ್ನ ಇರ್ರಿ. ನಾನೂ ಇದನ್ನ ನುಂಗೀನಿ."

ಆ ಮನುಷ್ಯನ ಕಣ್ಣು ತುಂಬಿದ್ದವು. ಅದೇ ಕಾಂಚನಳಿಗೆ ಇನ್ನೂ ಕಷ್ಟವಾಯಿತು.

ಭಾನುವಾರ ಸಾಕ್ಷಿಯ ಹೊತ್ತಿನಲ್ಲಿ ಅವಳು ಎದ್ದು ನಿಂತಳು. ಮೊದಲು ಒಬ್ಬ ಮುದುಕ ಕಳೆದ ಎಮ್ಮೆ ಸಿಕ್ಕಿತೆಂದು ಸ್ತೋತ್ರ ಸಲ್ಲಿಸಿ ಕೂತಿದ್ದ. ಕಾಂಚನ ಮೈಕ್ ತೆಗೆದುಕೊಳ್ಳಲಿಲ್ಲ.

"ನೀಲಮ ಸತ್ತಿದ್ದು ನಿಮಗೆಲ್ಲಾ ಗೊತ್ತೈತಿ. ಯಾಕ ಸತ್ಲು ಅಂತ ಹೇಳ್ತೀನಿ. ಗುಳಿಗಿ ಬಿಡಿಸಿದ್ದು ನಾನು. ಡಾಕ್ಟರು ಬಿಡಬ್ಯಾಡ ಅಂದಿದ್ದು ನನಗ ಗೊತ್ತಿತ್ತು. ಗೊತ್ತಿದ್ದೂ…"

ಪಾಸ್ಟರು ತಬಲಾದವನಿಗೆ ಸನ್ನೆ ಮಾಡಿದರು. ಅಕ್ಕುತಾಯಿ ಹಾಡು ಎತ್ತಿದಳು. ಒಂದು ಕ್ಷಣ ಯಾರೂ ಸೇರಲಿಲ್ಲ. ಆಮೇಲೆ ಒಂದು ದನಿ, ಎರಡು ದನಿ, ಕೊನೆಗೆ ಎಲ್ಲರೂ. ಚಪ್ಪಾಳೆ, ತಬಲಾ, ತಗಡಿನ ಮಾಡಿಗೆ ಬಡಿದು ತಿರುಗಿ ಬರುವ ಹಾಡು. ಕಾಂಚನಳ ಬಾಯಿ ಅಲುಗುತ್ತಿತ್ತು, ಪಕ್ಕದವಳಿಗೂ ಏನೂ ಕೇಳಿಸಲಿಲ್ಲ. ಪಕ್ಕದವಳು ಸೆರಗು ಹಿಡಿದೆಳೆದು ಕೂರಿಸಿದಳು.

ಮುಂದೆ ಅವಳನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಪ್ರಾಜಕ್ತಾ ಎಂಬ ಕಾಲೇಜು ಹುಡುಗಿ ತರ್ಜುಮೆಗೆ ನಿಂತಳು. ಚುರುಕಾದ ಹುಡುಗಿ. ಒಂದು ದಿನ ಹಾದಿಯಲ್ಲಿ ಸಿಕ್ಕಾಗ ಕಾಂಚನ ಅವಳನ್ನು ನಿಲ್ಲಿಸಿ, "ಹೇಳಾಕ ಆಗಲಾರದ ಮಾತು ಬಂತಂದ್ರ ಹೇಳಬ್ಯಾಡವ್ವ, ಮೈಕ್ ಕೆಳಗಿಡು" ಎಂದಳು. ಹುಡುಗಿ ಗಾಬರಿಯಿಂದ ತಲೆಯಾಡಿಸಿ ಬಿರಬಿರನೆ ಹೋದಳು.

ಕಾಂಚನ ಸಭೆ ಬಿಡಲಿಲ್ಲ. ಬಿಟ್ಟರೆ ಹೋಗಲು ಬೇರೆ ಜಾಗವಿರಲಿಲ್ಲ. ಹಿಂದಿನ ಸಾಲಿನಲ್ಲಿ ಬಾಗಿಲ ಬಳಿ ಕೂತು ಎದ್ದು ಬರುತ್ತಿದ್ದಳು. ಎರಡು ಸಲ ಬಸ್ ಹತ್ತಿ ಸುಂದ್ರವ್ವನ ಹಳ್ಳಿಗೂ ಹೋದಳು. ಮೊದಲ ಸಲ ಕದ ತೆರೆಯಲಿಲ್ಲ. ಎರಡನೆಯ ಸಲ ಸುಂದ್ರವ್ವ ಹೊರಗೆ ಬಂದು, ಹೊಸ್ತಿಲಲ್ಲಿ ನಿಂತು, "ಮತ್ತ ಬರಬ್ಯಾಡ. ನಿನ್ನ ದನಿ ನನ್ನ ಕಿವಿಗೆ ಬೀಳಬಾರ್ದು" ಎಂದಳು. ಕಾಂಚನ ಮತ್ತೆ ಹೋಗಲಿಲ್ಲ.

ಎರಡು ಮಳೆಗಾಲ ಕಳೆದವು. ಒಂದು ಬೆಳಿಗ್ಗೆ ಕಾಂಚನ ಬುತ್ತಿ ಕಟ್ಟಿಕೊಂಡು ಶೆಡ್ಡಿಗೆ ಹೊರಟಿದ್ದಾಗ ಅಂಗಳದಲ್ಲಿ ಸುಂದ್ರವ್ವ ನಿಂತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಎಡಗೈಯನ್ನು ಮೈಗೆ ಒತ್ತಿ ಹಿಡಿದಿದ್ದಳು.

"ಒಳಗ ಬರ್ರಿ ಸುಂದ್ರಕ್ಕ."

"ಬರಂಗಿಲ್ಲ. ಕ್ಷಮಾ ಮಾಡಾಕ ಬಂದಿಲ್ಲ ನಾ." ಸುಂದ್ರವ್ವ ಉಸಿರು ತೆಗೆದುಕೊಂಡಳು. "ಎದಿಯೊಳಗ ಗಂಟ ಆಗೈತಿ. ಮಿರಜಕ್ಕ ಹೋಗ್ರಿ ಅಂದಾರ. ಅಲ್ಲಿ ಮಾತು ನನಗ ತಿಳಿಯಂಗಿಲ್ಲ. ನನಗ ಬ್ಯಾರೆ ಯಾರೂ ಇಲ್ಲ. ಅವ್ರು ಅಂದಿದ್ದಷ್ಟ ಹೇಳು. ಅದರ ಮ್ಯಾಲ ಒಂದ ಮಾತು ಆಡಬ್ಯಾಡ."

ಕಾಂಚನ ಬುತ್ತಿಯನ್ನು ಒಳಗಿಟ್ಟು, ಕದ ಹಾಕಿಕೊಂಡು ಹೊರಟಳು. ಬಸ್ಸಿನಲ್ಲಿ ಸುಂದ್ರವ್ವ ಬೇರೆ ಸೀಟಿನಲ್ಲಿ ಕೂತಳು.

ಪರೀಕ್ಷೆಗಳಿಗೆ ನಾಲ್ಕಾರು ಸಲ ಹೋಗಬೇಕಾಯಿತು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಎಲ್ಲ ಕಾಗದ ನೋಡಿ ಕಾಂಚನಳಿಗೆ ಮರಾಠಿಯಲ್ಲಿ ಹೇಳಿದರು. ಬಹಳ ತಡವಾಗಿದೆ, ಎಲುಬಿನ ತನಕ ಹಬ್ಬಿದೆ, ಗುಣವಾಗುವುದಿಲ್ಲ. ನೋವು ಕಡಿಮೆ ಮಾಡಬಹುದು, ಸ್ವಲ್ಪ ದಿನ ಹೆಚ್ಚಿಸಬಹುದು. ಹೇಳಿ ಮುಗಿಸಿ, ಇದನ್ನೆಲ್ಲ ಅವರಿಗೆ ಹೀಗೇ ಹೇಳಬೇಡಿ, ಧೈರ್ಯ ಬರುವ ಹಾಗೆ ಏನಾದರೂ ಹೇಳಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಸುಂದ್ರವ್ವ ಕಾಂಚನಳ ಮುಖವನ್ನೇ ನೋಡುತ್ತಿದ್ದಳು.

"ಏನಂದ್ರು?"

ಕಾಂಚನ ಎರಡೂ ಕೈಯನ್ನು ತೊಡೆಯ ನಡುವೆ ಸೇರಿಸಿಕೊಂಡು ಹೇಳಿದಳು: "ಭಾಳ ತಡಾ ಆಗೈತಿ ಅಂದ್ರು. ಎಲುವಿನ ತನಾ ಹಬ್ಬೈತಿ. ಗುಣ ಆಗಂಗಿಲ್ಲ. ಬ್ಯಾನಿ ಕಡಿಮಿ ಮಾಡ್ತಾರ, ಸ್ವಲ್ಪ ದಿನಾ ಹೆಚ್ಚ ಸಿಗಬಹುದು. ಇದನ್ನ ನಿಮಗ ಹಿಂಗ ಹೇಳಬ್ಯಾಡ್ರಿ, ಧೈರ್ಯಾ ಹೇಳ್ರಿ ಅಂತನೂ ಅಂದ್ರು."

"ಅಷ್ಟನ?"

"ಅಷ್ಟ."

ಸುಂದ್ರವ್ವ ಸೆರಗು ಸರಿಮಾಡಿಕೊಂಡು ಎದ್ದಳು.

ಆಮೇಲೆ ಗುರುವಾರ ಗುರುವಾರ ಇಬ್ಬರೂ ಮಿರಜಕ್ಕೆ ಹೋಗಿ ಬಂದರು. ಬಸ್ಸಿನಲ್ಲಿ ನಿಲ್ಲಲಾರದಷ್ಟು ಸೋತಾಗ ಸುಂದ್ರವ್ವ ಕಾಂಚನಳ ಭುಜ ಹಿಡಿಯುತ್ತಿದ್ದಳು, ಸೀಟು ಸಿಕ್ಕೊಡನೆ ಬಿಡುತ್ತಿದ್ದಳು. ಸರದಿಗೆ ಕಾಯುವಾಗ ಅಥಣಿ, ರಾಯಬಾಗದ ಕಡೆಯ ಬೇರೆ ಹೆಂಗಸರೂ ಚೀಟಿ ಹಿಡಿದು ಬಂದು, ಇದರೊಳಗ ಏನೈತಿ ಹೇಳ್ರಿ ಎಂದು ಕಾಂಚನಳನ್ನು ಕೇಳತೊಡಗಿದರು. ಅವಳು ಅವರ ಜೊತೆ ಒಳಗೆ ಹೋಗಿ ಹೇಳಿ ಬರುತ್ತಿದ್ದಳು. ಸಿಹಿಯಾದದ್ದನ್ನೂ ಕಹಿಯಾದದ್ದನ್ನೂ ಒಂದೇ ದನಿಯಲ್ಲಿ. ಕೆಲವರು ಹರಸಿದರು. ಒಬ್ಬಳು, ಗಂಡ ಉಳಿಯುವುದಿಲ್ಲವೆಂದು ಕೇಳಿ, ಅವಳ ಮುಖಕ್ಕೇ ಶಾಪ ಹಾಕಿದಳು.

ಬೇಸಿಗೆಯ ಹೊತ್ತಿಗೆ ಸುಂದ್ರವ್ವನಿಗೆ ಬಸ್ ಹತ್ತಲು ಆಗಲಿಲ್ಲ. ಕಾಂಚನಳೇ ಔಷಧ ಒಯ್ದು ಕೊಡತೊಡಗಿದಳು, ಗಂಜಿ ಕಾಸಿ ಕುಡಿಸಿ ಬರುತ್ತಿದ್ದಳು. ಒಂದು ಮಧ್ಯಾಹ್ನ ಬಟ್ಟೆ ತೊಯಿಸಿ ಕಾಲು ಒರೆಸುತ್ತಿದ್ದಾಗ ಸುಂದ್ರವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅವತ್ತ ಕೂಟದಾಗ ಅವ ಖರೇನ ಏನಂದಿದ್ದ? ಮರಾಠಿಯೊಳಗ?"

"ನಾ ಹೇಳಿದ್ದನ್ನ ಅಂದಿದ್ರು, ಸುಂದ್ರಕ್ಕ. ಹೆಚ್ಚೂ ಇಲ್ಲ, ಕಡಿಮೀನೂ ಇಲ್ಲ."

"ನೀ ಸ್ವಲ್ಪ ಹೊತ್ತ ಸುಮ್ನ ನಿಂತಿದ್ದಿ. ನಾ ನೋಡಿದ್ದೆ. ನಿನ್ನ ಮೈಯಾಗ ದೇವರು ಬಂದಾನಂತ ತಿಳಕೊಂಡೆ."

ಕಾಂಚನ ಒರೆಸುವುದನ್ನು ನಿಲ್ಲಿಸಿದಳು. "ದೇವರಲ್ಲ. ಡಾಕ್ಟರು ಗುಳಿಗಿ ಬಿಡಬ್ಯಾಡ ಅಂದಿದ್ದು ನೆನಪಾಗಿತ್ತು. ತಪ್ಪಂತ ಗೊತ್ತಿತ್ತು. ಅಷ್ಟ ಮಂದಿ ಮುಂದ ಅಂಜಿದೆ. ನನ್ನ ಮಾನಾ ಹೋಗತೈತಿ ಅಂತ ಅಂಜಿದೆ."

ಸುಂದ್ರವ್ವ ಕಷ್ಟಪಟ್ಟು ಗೋಡೆಯ ಕಡೆ ಹೊರಳಿದಳು. ಎದ್ದು ಹೋಗು ಎಂದು ಕಾಂಚನಳಿಗೆ ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ. ಕಾಂಚನ ಉಳಿದ ಕಾಲನ್ನೂ ಒರೆಸಿ, ಹೊದಿಕೆ ಎಳೆದು, ಒಲೆಯ ಮೇಲಿನ ಗಂಜಿ ನೋಡಲು ಹೋದಳು.

ಆ ವಾರವೇ ಸುಂದ್ರವ್ವ ತೀರಿಕೊಂಡಳು. ಆ ವಿಷಯ ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ. ಅವಳು ಕ್ಷಮಿಸಿದಳೋ ಇಲ್ಲವೋ ಕಾಂಚನಳಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಅವಳಿಗಿರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಪಾಸ್ಟರ್ ಸಿದರಾಯರು ಅವಳ ಜೊತೆ ಬಸ್ ಸ್ಟಾಪಿನ ತನಕ ನಡೆದು, ಅವಳಿಗೆ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟು, ತಾವು ಹಿಂದಿನ ಸೀಟಿನಲ್ಲಿ ಕೂತರು.

ಈಗಲೂ ಗುರುವಾರ ಶೆಡ್ಡಿನಲ್ಲಿ ಕಾಂಚನಳ ಜಾಗ ಖಾಲಿ ಇರುತ್ತದೆ. ಮಿರಜದ ಮೊದಲ ಬಸ್ಸಿಗೆ ಅವಳು ಹೋಗುತ್ತಾಳೆ, ಕನ್ನಡ ಬಿಟ್ಟು ಬೇರೇನೂ ತಿಳಿಯದ, ಆಸ್ಪತ್ರೆಗೆ ಹೊರಟ ಯಾರೋ ಒಬ್ಬರ ಪಕ್ಕದಲ್ಲಿ ಕೂತು.